ಅಂಗಳದ ಶಾಲೆಯೂ ಮನೆಯ ಮಾತೂ

ಶಿಶುಶಿಕ್ಷಣವನ್ನು ಕುರಿತು ಬರೆಯುವ ಅಧಿಕಾರ ನನಗೆ ಎಷ್ಟರ ಮಟ್ಟಿಗೆ ಇದೆಯೋ ಅರಿಯೆ. ನಾನು ಶಿಕ್ಷಕನಲ್ಲ, ಮನಶ್ಶಾಸ್ತ್ರವನ್ನು ಓದಿದವನೂ ಅಲ್ಲ. ಇಬ್ಬರು ಮಕ್ಕಳ ತಂದೆ, ಅಷ್ಟೆ. ಹಿರಿಯವಳು ಈ ನಮ್ಮ ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಕಿರಿಯವನು ಇನ್ನೂ ಅಂಗನವಾಡಿಗೆ ಹೋಗುತ್ತಾನೆ. ಒಂದನೆಯ ಇಯತ್ತೆಗೆ ಕಾಲಿಡುವುದಕ್ಕೆ ಮುಂಚಿನ ಎರಡು ಮೂರು ವರ್ಷಗಳಲ್ಲಿ ಮಕ್ಕಳ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ನಮ್ಮಲ್ಲಿ ವಿಚಾರಿಸುವವರು ಕಡಿಮೆ. "ಸಣ್ಣ ಕೂಸು, ಆಡಲಿಕ್ಕೆ ಹೋಗತೈತಿ" ಎಂದು ಸುಮ್ಮನಾಗುತ್ತೇವೆ. ನಾನೂ ಹಾಗೆ ಸುಮ್ಮನಿದ್ದವನೇ. ಆ ಅಲಕ್ಷ್ಯದಿಂದ ನನ್ನ ಕೈಯಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ಹೇಳಿಕೊಳ್ಳದೆ ಈ ವಿಷಯವನ್ನು ವಿವೇಚಿಸಲು ನನಗೆ ಬೇರೆ ದಾರಿಯಿಲ್ಲ.

ನಮ್ಮದು ಅಕ್ಕಲಕೋಟೆ ತಾಲೂಕಿನಲ್ಲಿ ಗಡಿಗೆ ಹತ್ತಿಕೊಂಡಿರುವ ಒಂದು ಹಳ್ಳಿ. ಮನೆಯಲ್ಲಿ, ಹೊಲದಲ್ಲಿ, ಗುಡಿಯಲ್ಲಿ ಕನ್ನಡ. ಕಚೇರಿಯ ಕಾಗದದಲ್ಲಿ, ಎಸ್ಟಿ ಗಾಡಿಯ ಫಲಕದ ಮೇಲೆ ಮರಾಠಿ. ದೊಡ್ಡವರಾದ ನಾವು ಈ ಎರಡರ ನಡುವೆ ಮನೆಯ ಹೊಸ್ತಿಲು ದಾಟಿದಷ್ಟೇ ಸರಾಗವಾಗಿ ಹೋಗಿಬರುತ್ತೇವೆ. ಆದರೆ ಮೂರೂವರೆ ವರ್ಷದ ಮಗುವಿನ ಕಾಲಿಗೆ ಆ ಹೊಸ್ತಿಲು ಎಷ್ಟು ಎತ್ತರವೆಂಬುದು ನಮಗೆ ಮರೆತುಹೋಗಿರುತ್ತದೆ.

ನನ್ನ ಮಗಳು ಮೊದಲನೆಯ ದಿನ ಅಂಗನವಾಡಿಗೆ ಹೋಗುವಾಗ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಾಗುತ್ತಿತ್ತೇನೋ. ಅವಳು ಮಾತನ್ನೇ ನಿಲ್ಲಿಸಿಬಿಟ್ಟಳು. ಮನೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಅರಳು ಹುರಿದಂತೆ ಮಾತನಾಡುತ್ತಿದ್ದ ಹುಡುಗಿ ಅಲ್ಲಿ ಗೋಡೆಗೆ ಆತುಕೊಂಡು ಕುಳಿತು, ಕೊಟ್ಟದ್ದನ್ನು ತಿಂದು, ಕರೆದರೆ ಎದ್ದು, ಮಧ್ಯಾಹ್ನ ಮನೆಗೆ ಬರುತ್ತಿದ್ದಳು. ಅಲ್ಲಿಯ ಸೇವಿಕೆಯು ಮದುವೆಯಾಗಿ ನಮ್ಮೂರಿಗೆ ಬಂದ ಮರಾಠಿ ಮನೆತನದ ಹೆಣ್ಣುಮಗಳು. ಮಕ್ಕಳಲ್ಲಿ ಬಹಳ ಅಂತಃಕರಣವುಳ್ಳವರು. ಎರಡು ತಿಂಗಳ ಮೇಲೆ ಅವರು ನನ್ನನ್ನು ಕಂಡು, ಹುಡುಗಿ ಹೇಳಿದ್ದನ್ನು ತಿಳಿದುಕೊಳ್ಳುವುದಿಲ್ಲವೆಂದು ಸಂಕೋಚದಿಂದಲೇ ತಿಳಿಸಿದರು. 'ಖಾಲೀ ಬಸ್' ಎಂದರೆ ಉಳಿದ ಮಕ್ಕಳೆಲ್ಲ ಕೂಡುತ್ತಾರೆ, ಇವಳು ಮಾತ್ರ ಎದ್ದು ಬಾಗಿಲ ಕಡೆಗೆ ಓಡುತ್ತಾಳೆ, ಎಂದರು.

ಮರಾಠಿಯಲ್ಲಿ 'ಖಾಲೀ ಬಸ್' ಎಂದರೆ 'ಕೆಳಗೆ ಕೂಡು' ಎಂದರ್ಥ. ನಮ್ಮ ಹುಡುಗಿಗೆ ಅದು ಬರಿದಾದ ಬಸ್ಸು. ಬಸ್ಸು ಬಂದಿತೆಂದರೆ ಯಾವ ಮಗು ತಾನೇ ಕುಳಿತಿರುತ್ತದೆ?

ಈಗ ಇದನ್ನು ನೆನೆದು ನಗುತ್ತೇನೆ. ಆ ದಿನ ನಗಲಿಲ್ಲ. ಮನೆಗೆ ಬಂದು ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಗದರಿಸಿದೆ; ನೆರೆಮನೆಯ ಹುಡುಗನೊಡನೆ ಹೋಲಿಸಿದೆ. ಅವಳು ನನ್ನೆದುರಿಗೂ ಮಾತು ನಿಲ್ಲಿಸಿದಳು. ಮೂರು ದಿನ ನನ್ನ ಹತ್ತಿರ ಸುಳಿಯಲಿಲ್ಲ.

ನಾಲ್ಕನೆಯ ದಿನ ಹೊಲದಿಂದ ಹೊತ್ತಿಗೆ ಮೊದಲೇ ಬಂದಾಗ ಪಡಸಾಲೆಯಲ್ಲಿ ಮರಾಠಿ ಮಾತು ಕೇಳಿಸಿತು. ಯಾರೋ ಬಂದಿದ್ದಾರೆಂದು ಬಾಗಿಲಲ್ಲಿಯೇ ನಿಂತೆ. ಮಗಳು ಎರಡು ಬಟ್ಟೆಯ ಗೊಂಬೆ, ಒಂದು ಚರಿಗೆ, ಒಂದು ಲಟ್ಟಣಿಗೆ ಇವುಗಳನ್ನು ಸಾಲಾಗಿ ಕೂಡ್ರಿಸಿ ಅಂಗನವಾಡಿ ನಡೆಸುತ್ತಿದ್ದಳು. ಸೇವಿಕೆಯ ಧ್ವನಿ, ಸೇವಿಕೆಯ ಕೈಯ ಆಟ, ಮರಾಠಿಯ ಮಾತುಗಳು, ಎಲ್ಲವೂ ಹುಬೇಹೂಬು. ಲಟ್ಟಣಿಗೆ ಉರುಳಿಬಿತ್ತು, ಅದನ್ನು ಎತ್ತಿ ನಿಲ್ಲಿಸಿ, "ಖಾಲೀ ಬಸ್" ಎಂದು, ಕೂಡಲೇ ದನಿ ತಗ್ಗಿಸಿ ಕನ್ನಡದಲ್ಲಿ, "ಬಸ್ಸಲ್ಲ, ಕೂಡು ಅಂತ" ಎಂದು ಅದಕ್ಕೆ ತಿಳಿಸಿಹೇಳಿದಳು.

ದಡ್ಡಿಯೆಂದು ನಾನು ತಿಳಿದಿದ್ದ ಮಗು ಆ ಎರಡು ತಿಂಗಳೂ ದುಡಿಯುತ್ತಿದ್ದಳು. ಕಿವಿಯಿಂದ ಕೂಡಿಟ್ಟುಕೊಳ್ಳುತ್ತಿದ್ದಳು, ಬಾಯಿಯಿಂದ ವೆಚ್ಚಮಾಡಲು ಇನ್ನೂ ಧೈರ್ಯ ಬಂದಿರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿ, ಕೆಲವು ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡೆ. ಹೊಸ ಭಾಷೆಯ ನಡುವೆ ಮೊದಲ ಸಲ ಬಂದು ಕುಳಿತ ಎಳೆಯ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಬಾಯಿ ತೆರೆಯದೆ ಬರಿದೇ ಕೇಳುತ್ತಿರುವುದುಂಟು. ಭಾಷಾಶಿಕ್ಷಣವನ್ನು ಅಭ್ಯಾಸಮಾಡಿದವರು ಇದನ್ನು ಮೌನದ ಅವಧಿಯೆಂದೇ ಕರೆದಿದ್ದಾರೆ. ಮನೆಯಲ್ಲಿಯೂ ಮಾತನಾಡದ, ಕೂಗಿದರೂ ತಿರುಗಿ ನೋಡದ ಮಗುವಿನ ಪ್ರಶ್ನೆ ಬೇರೆ. ಅಂತಹ ಮಗುವಿನ ಕಿವಿಯನ್ನು ವೈದ್ಯರಿಗೆ ತೋರಿಸಬೇಕು, ತಡಮಾಡಬಾರದು. ಆದರೆ ಮನೆಯಲ್ಲಿ ಹರಟೆಮಲ್ಲಿಯಾಗಿದ್ದು ಶಾಲೆಯಲ್ಲಿ ಮೂಕಿಯಾದವಳನ್ನು ಗದರಿಸುವುದೆಂದರೆ, ಬಿತ್ತಿದ ಹದಿನೈದು ದಿನಕ್ಕೆ ತೆನೆಯೆಲ್ಲಿ ಎಂದು ಜೋಳದ ಬೆಳೆಯನ್ನು ಕೇಳಿದಂತೆ.

ಎರಡು ಭಾಷೆಗಳು ಮಗುವಿನಲ್ಲಿ ಒಂದನ್ನೊಂದು ಹೇಗೆ ತಡವರಿಸಿ ಗುರುತುಹಿಡಿಯುತ್ತವೆ ಎಂಬುದು ನೋಡತಕ್ಕ ಸಂಗತಿ. ನಮ್ಮ ಕಡೆ ಅಜ್ಜಿಗೆ 'ಆಯಿ' ಎನ್ನುತ್ತೇವೆ. ಮರಾಠಿಯಲ್ಲಿ 'ಆಈ' ಎಂದರೆ ತಾಯಿ. ಆಈ ಬರುತ್ತಾಳೆಂದು ಸೇವಿಕೆ ಸಮಾಧಾನ ಹೇಳಿದ ದಿನ ಹುಡುಗಿ ಅಜ್ಜಿಯ ದಾರಿ ಕಾಯ್ದು, ಕರೆಯಲು ಹೋದ ಹೆತ್ತವಳನ್ನು ಕಂಡು ಮುಖ ಸಣ್ಣದು ಮಾಡಿದಳು. ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ. ಸೇವಿಕೆಯನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. "ನಮ್ಮ ತಾಈ ಹಾಡು ಹೇಳ್ಯಾಳ" ಎಂದು ಮಗಳು ಬಂದು ಹೇಳಿದಾಗ ನನ್ನ ತಾಯಿ, "ನಿಮ್ಮ ತಾಯಿ ಒಲೀ ಮುಂದ ಕುಂತಾಳಲ್ಲ" ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು. ಆರು ತಿಂಗಳೊಳಗೆ ಮಗಳು ಈ ತೊಡಕುಗಳನ್ನೆಲ್ಲ ತಾನೇ ಬಿಡಿಸಿಕೊಂಡಳು. ಅಲ್ಲಿಯದು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ. ಮರಾಠಿ ಬಂದುದರಿಂದ ಅವಳ ಕನ್ನಡವೇನೂ ಕೆಡಲಿಲ್ಲ. ಮನೆಯಲ್ಲಿ ಕನ್ನಡದ ಹರಿವು ನಿಲ್ಲದೆ ಇದ್ದುದೇ ಅದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ.

ಇನ್ನು ಈ ಅಂಗನವಾಡಿಯೆಂಬ ಸಂಸ್ಥೆ ಎಲ್ಲಿಂದ ಬಂದಿತೆಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳಿತು. ಎಳೆಯ ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕು, ಆಟವೇ ಅವರ ಪಾಠವಾಗಬೇಕು ಎಂಬ ವಿಚಾರವನ್ನು ಜರ್ಮನಿಯ ಫ್ರೋಬೆಲ್ ಎಂಬವರು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಕೃತಿಗಿಳಿಸಿದರು. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸೋರಿಯವರು 1907ನೆಯ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಮ್ಮ 'ಮಕ್ಕಳ ಮನೆ'ಯನ್ನು ತೆರೆದರು. ಅವರು 1939ರಲ್ಲಿ ಮದರಾಸಿನ ಅಡಿಯಾರಿಗೆ ಬಂದು ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು ಅನೇಕ ಶಿಕ್ಷಕರನ್ನು ತರಬೇತಿಗೊಳಿಸಿದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬವರು ವಕೀಲಿಯನ್ನು ಬಿಟ್ಟು ಬಾಲಮಂದಿರವನ್ನು ನಡೆಸುತ್ತಿದ್ದರು. ಗುಜರಾತದ ಜನರು ಅವರನ್ನು ಪ್ರೀತಿಯಿಂದ 'ಮೀಸೆಯುಳ್ಳ ತಾಯಿ' ಎಂದು ಕರೆಯುತ್ತಿದ್ದರಂತೆ; ಇದಕ್ಕಿಂತ ದೊಡ್ಡ ಬಿರುದು ಶಿಕ್ಷಕನಿಗೆ ಯಾವುದಿದ್ದೀತು?

ಗಿಜುಭಾಯಿಯವರೊಡನೆ ಕೆಲಸ ಮಾಡಿದ ತಾರಾಬಾಯಿ ಮೋಡಕರ ಹೆಸರನ್ನು ಮಾತ್ರ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. 1945ರಲ್ಲಿ ಅವರು ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಕಡಲತೀರದ ಹಳ್ಳಿಗೆ ಹೋಗಿ ಶಿಷ್ಯೆ ಅನುತಾಈ ವಾಘರ ಜೊತೆಯಲ್ಲಿ ಬಡ ಮಕ್ಕಳ ಶಿಕ್ಷಣಕ್ಕೆ ತೊಡಗಿದರು. ಮಾಂಟೆಸ್ಸೋರಿ ಪದ್ಧತಿಯ ಸಲಕರಣೆಗಳಿಗೆ ಹಣ ಬೇಕು, ಹಳ್ಳಿಯಲ್ಲಿ ಹಣವೆಲ್ಲಿ? ಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜ ಇವುಗಳನ್ನೇ ಅವರು ಪಾಠದ ಸಾಮಗ್ರಿಯಾಗಿ ಮಾಡಿಕೊಂಡರು. ಶಾಲೆಗೆ ಮಕ್ಕಳು ಬಾರದಿದ್ದಾಗ ಶಾಲೆಯೇ ಮಕ್ಕಳ ಮನೆಯಂಗಳಕ್ಕೆ ಹೋಯಿತು. ಅಂಗಳದ ಶಾಲೆಯೇ ಅಂಗನವಾಡಿ. 1957ರಲ್ಲಿ ಅವರು ಕೋಸಬಾಡದ ಗುಡ್ಡಕ್ಕೆ ಹೋಗಿ ವಾರಲಿ ಆದಿವಾಸಿಗಳ ನಡುವೆ ನೆಲೆಸಿದರು. ಅಲ್ಲಿ ದನ ಕಾಯುವ ಮಕ್ಕಳಿಗಾಗಿ ಶಾಲೆಯು ಹುಲ್ಲುಗಾವಲಿಗೂ ನಡೆದುಹೋಯಿತು. ಮುಂದೆ 1975ನೆಯ ಅಕ್ಟೋಬರ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಪ್ರಾರಂಭಿಸಿ, ಅದರ ಕೇಂದ್ರಗಳಿಗೆ ಇದೇ ಹೆಸರನ್ನಿಟ್ಟಿತು. ಆರು ವರ್ಷದೊಳಗಿನ ಮಕ್ಕಳಿಗೆ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ, ಇವು ಅದರ ಕೆಲಸ.

ಶಾಲೆಯು ಮಗುವಿನ ಅಂಗಳಕ್ಕೆ ಬರಬೇಕೆಂದು ತಾರಾಬಾಯಿಯವರು ಕಂಡುಕೊಂಡರಲ್ಲವೆ? ಹಾಗಾದರೆ ಅಂಗಳದಲ್ಲಿ ಆಡುವ ಮಾತೂ ಆ ಶಾಲೆಯೊಳಗೆ ಬರಬೇಕಷ್ಟೆ. ಕಟ್ಟಡ ನಮ್ಮೂರಲ್ಲಿದ್ದು ಮಾತು ನಮ್ಮದಲ್ಲದಿದ್ದರೆ ಶಾಲೆ ಅಂಗಳದ ತನಕ ಬಂದು ಹೊರಗೇ ನಿಂತಂತೆ.

ಇದಕ್ಕೆ ಕಾನೂನಿನ ಆಧಾರವೇನೆಂದು ನೋಡಿದೆ. ರಾಜ್ಯಗಳ ಪುನಾರಚನೆಯಾದ 1956ರಲ್ಲಿ, ಏಳನೆಯ ತಿದ್ದುಪಡಿಯ ಮೂಲಕ, ಸಂವಿಧಾನಕ್ಕೆ 350-ಎ ಎಂಬ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ರಾಜ್ಯವು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ನಮ್ಮಂತಹ ಶಾಲೆಗಳಿಗೆ ಅದೇ ದೊಡ್ಡ ಆಸರೆ. ಆದರೆ ಅಲ್ಲಿರುವ ಮಾತು 'ಪ್ರಾಥಮಿಕ ಹಂತದಲ್ಲಿ' ಎಂದು. 2002ರ ತಿದ್ದುಪಡಿಯಾದ ಮೇಲೆ 45ನೆಯ ಅನುಚ್ಛೇದವು ಆರು ವರ್ಷ ತುಂಬುವ ತನಕ ಎಲ್ಲ ಮಕ್ಕಳಿಗೂ ಪಾಲನೆ, ಶಿಕ್ಷಣ ಒದಗಿಸಲು ರಾಜ್ಯವು ಯತ್ನಿಸಬೇಕೆನ್ನುತ್ತದೆ. ಅಲ್ಲಿ ಭಾಷೆಯ ಮಾತಿಲ್ಲ. ಒಂದರಲ್ಲಿ ಭಾಷೆಯುಂಟು, ಎಳೆಯ ಮಗುವಿಲ್ಲ. ಇನ್ನೊಂದರಲ್ಲಿ ಎಳೆಯ ಮಗುವುಂಟು, ಭಾಷೆಯಿಲ್ಲ. ನನ್ನ ಮಗಳು ಎರಡು ತಿಂಗಳು ಗೋಡೆಗೆ ಆತು ಕುಳಿತಿದ್ದುದು ಈ ಎರಡು ಅನುಚ್ಛೇದಗಳ ನಡುವಿನ ತೆರಪಿನಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದ ತನಕ ಒಂದೇ ಬುನಾದಿ ಹಂತವೆಂದು ಎಣಿಸಿ, ಸಾಧ್ಯವಿದ್ದಲ್ಲೆಲ್ಲ ಮನೆಯ ಭಾಷೆಯಲ್ಲಿ ಕಲಿಸಬೇಕೆಂದು ಹೇಳಿದೆ. ನೀತಿಯಲ್ಲಿ ಹೇಳಿದ್ದು ಹಳ್ಳಿಯ ಒಂದು ಕೋಣೆಗೆ ಇಳಿದುಬರಲು ಯಾರಾದರೂ ಕೇಳಬೇಕಾಗುತ್ತದೆ. ಕೇಳಬೇಕಾದವರು ತಂದೆತಾಯಿಗಳೇ.

ಕೇಳುವ ಬದಲು ನಾನು ಮಾಡಿದ್ದೇನೆಂದರೆ, ಎರಡನೆಯ ಮಗನನ್ನು ಅಂಗನವಾಡಿಯಿಂದಲೇ ತಪ್ಪಿಸಿದೆ. ಹಿರಿಯವಳಿಗಾದುದು ಇವನಿಗಾಗಬಾರದು ಎಂಬುದು ಒಂದು ನೆಪ. ಊರಿನ ನಾಲ್ಕು ಮನೆಯ ಮಕ್ಕಳು ಟೈ ಕಟ್ಟಿಕೊಂಡು ಹಳದಿ ಗಾಡಿಯಲ್ಲಿ ಪೇಟೆಯ ಇಂಗ್ಲಿಷ್ ಬಾಲವರ್ಗಕ್ಕೆ ಹೋಗುತ್ತಿದ್ದರೆಂಬುದು ನಿಜವಾದ ಕಾರಣ. ಮರಾಠಿಯ ಹೊಸ್ತಿಲಿಗೆ ಹೆದರಿ ಮಗುವನ್ನು ಅದಕ್ಕಿಂತ ಎತ್ತರದ ಹೊಸ್ತಿಲ ಮುಂದೆ ತಂದು ನಿಲ್ಲಿಸಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಮರಾಠಿಯಾದರೂ ಬೀದಿಯಲ್ಲಿ ಕೇಳಿಬರುವ ಭಾಷೆ.

ಮೂರು ತಿಂಗಳಿಗೆ ಹುಡುಗ ಒಂದು ಇಂಗ್ಲಿಷ್ ಪದ್ಯವನ್ನು ಅಭಿನಯಸಹಿತ ಒಪ್ಪಿಸತೊಡಗಿದ. ಮನೆಗೆ ಬಂದವರೆಲ್ಲರ ಮುಂದೆಯೂ ನಾನು ಅದನ್ನು ಹೇಳಿಸಿದೆ. ಒಂದು ಸಂಜೆ ನನ್ನ ತಂದೆಯವರು, "ಕೂಸು ಏನಂತೈತಪಾ ಅದರಾಗ?" ಎಂದು ಕೇಳಿದರು. ಮಳೆಯೇ ಹೋಗು, ಇನ್ನೊಂದು ದಿನ ಬಾ ಎನ್ನುತ್ತದೆ ಎಂದು ಅರ್ಥ ಹೇಳಿದೆ. ಆ ವರ್ಷ ಮೃಗಶಿರಾ ಬರಿದೇ ಹೋಗಿತ್ತು. ಆರಿದ್ರೆಯೂ ಹಾಗೆಯೇ ಸಾಗಿತ್ತು. ತೊಗರಿ ಬಿತ್ತಲು ಹಸಿ ಸಾಲದೆ ನೆಲ ಹಾಗೆಯೇ ಬಿದ್ದಿತ್ತು. ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೊಮ್ಮಗನನ್ನು ಹತ್ತಿರಕ್ಕೆ ಕರೆದು, "ಹಂಗ ಅನಬಾರದಪಾ ಮಗನ" ಎಂದು ತಲೆ ಸವರಿದರು. ಅದೇ ವಾರ ಓಣಿಯ ಮಕ್ಕಳು ಗುರ್ಜಿ ಹೊತ್ತರು. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಮಳೆಯನ್ನು ಕರೆಯುವ ಪದ್ಧತಿ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಉಳಿದಿದೆ. ಹೆಂಗಸರು ಕೊಡದಿಂದ ನೀರು ಸುರಿಯುತ್ತಾರೆ, ಹೊತ್ತವನು ಗರಗರನೆ ತಿರುಗುತ್ತಾನೆ. ನನ್ನ ಮಗ ಗುಂಪಿನ ಕೊನೆಯಲ್ಲಿ ನಿಂತು ಬಾಯಿ ಆಡಿಸುತ್ತಿದ್ದ. ಹಾಡು ಅವನಿಗೆ ಬಾರದು. ಇಂಗ್ಲಿಷನ್ನು ನಾನು ನಿಂದಿಸುತ್ತಿಲ್ಲ, ಅದು ಮುಂದೆ ಬೇಕೇ ಬೇಕು. ನಾಲ್ಕು ವರ್ಷದ ಮಗುವಿಗೆ ಯಾವುದು ಮೊದಲು ಎಂಬುದಷ್ಟೇ ನನ್ನ ಪ್ರಶ್ನೆ.

ಎಣಿಕೆಯಲ್ಲಂತೂ ಸತ್ಯ ಇನ್ನೂ ಸ್ಪಷ್ಟವಾಯಿತು. ಹುಡುಗ ಇಂಗ್ಲಿಷಿನಲ್ಲಿ ಐವತ್ತರ ತನಕ ಒಂದೇ ಉಸಿರಿಗೆ ಹೇಳುತ್ತಿದ್ದ. ಅವನ ಅಜ್ಜಿ ಬುಟ್ಟಿಯಿಂದ ಐದು ಮೆಣಸಿನಕಾಯಿ ಕೊಡು ಎಂದಾಗ ಒಂದು ಹಿಡಿ ತೆಗೆದುಕೊಟ್ಟ. ಬಾಯಿಗೆ ಬಂದ ಸಂಖ್ಯೆ ಕೈಗೆ ಬಂದಿರಲಿಲ್ಲ. ಮಗಳ ತೊಡಕು ಬೇರೊಂದು ರೀತಿಯದು. ಅಂಗನವಾಡಿಯ ಎರಡನೆಯ ವರ್ಷದ ಕೊನೆಗೆ, 'ಏಕವೀಸ' ಬರೆ ಎಂದರೆ ಅವಳು ಪಾಟಿಯ ಮೇಲೆ 12 ಎಂದು ಬರೆಯುತ್ತಿದ್ದಳು. ಅವಳದೇನು ತಪ್ಪು? ಮರಾಠಿಯಲ್ಲಿ ಮೊದಲು ಕೇಳುವುದು 'ಏಕ', ಆಮೇಲೆ 'ವೀಸ'. ಕೇಳಿದ ಕ್ರಮದಲ್ಲಿಯೇ ಬರೆದಳು. ಇಪ್ಪತ್ತೊಂಬತ್ತಕ್ಕೆ 'ಏಕೋಣತೀಸ', ಎಂದರೆ ಒಂದು ಕಡಿಮೆ ಮೂವತ್ತು. ಮುಂದಿನ ಸಂಖ್ಯೆಯನ್ನು ತಿಳಿದಲ್ಲದೆ ಹಿಂದಿನದು ತಿಳಿಯದು. "ಇಪ್ಪತ್ತೊಂದು ಬರಿ" ಎಂದೆ. ಹುಡುಗಿ ಕ್ಷಣ ಯೋಚಿಸಿ ಮೊದಲು ಎರಡು, ಅದರ ಬಲಕ್ಕೆ ಒಂದು ಬರೆದಳು. ಕನ್ನಡದಲ್ಲಿ ಇಪ್ಪತ್ತರ ಮೇಲೆ ಒಂದು ಎಂಬುದು ಹೆಸರಿನಲ್ಲಿಯೇ ಇದೆ. ಬಾಯಿ ಹೇಳಿದ ಕ್ರಮವೇ ಕೈ ಬರೆಯುವ ಕ್ರಮ. ಇಂಗ್ಲಿಷಿನಲ್ಲಿ ಇಪ್ಪತ್ತರ ಮೇಲೆ ಈ ಕ್ರಮವುಂಟಾದರೂ ಹದಿಮೂರು ಮುಂತಾದವುಗಳಲ್ಲಿ ಅದು ತಿರುಗುಮುರುಗು. ನಮ್ಮ 'ಹದಿಮೂರು' ಮಾತ್ರ ಅಲ್ಲಿಯೂ ಹತ್ತನ್ನೇ ಮುಂದಿಡುತ್ತದೆ. (ನಮ್ಮ ಒಂಬತ್ತು ಎಂಬುದು 'ಹತ್ತಕ್ಕೆ ಒಂದು ಕಡಿಮೆ' ಎಂಬುದರಿಂದ ಬಂದಿತೆಂದು ಭಾಷಾಪಂಡಿತರು ಹೇಳುವುದುಂಟು; ಹಾಗಿದ್ದರೆ ಏಕೋಣತೀಸವನ್ನು ಕಂಡು ನಾವು ಬಹಳವಾಗಿ ನಗುವಂತಿಲ್ಲ.)

ಇದು ನಮ್ಮ ಭಾಷಾಭಿಮಾನದ ಮಾತಲ್ಲ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಲವಾದ ಬಾಲಭಾರತಿಯೇ ಎರಡನೆಯ ಇಯತ್ತೆಯ ಗಣಿತಪುಸ್ತಕದಲ್ಲಿ 'ಏಕವೀಸ' ಎಂಬುದರ ಜೊತೆಗೆ 'ವೀಸ ಏಕ' ಎಂಬ ಓದುವ ಕ್ರಮವನ್ನೂ ಕೊಟ್ಟಿತು. ಮರಾಠಿಗರಲ್ಲಿಯೇ ಅದರ ಬಗೆಗೆ ದೊಡ್ಡ ವಾದ ನಡೆಯಿತು. ಹಳೆಯ ಹೆಸರುಗಳ ಚೆಲುವು ಹೋಗುತ್ತದೆಂದು ಹಲವರು ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಪುಸ್ತಕ ಹೊಸದಾಗಿ ಕಲ್ಪಿಸಬೇಕಾಗಿ ಬಂದ ಸೌಕರ್ಯ ನಮ್ಮ ಮಕ್ಕಳಿಗೆ ತೊಟ್ಟಿಲಲ್ಲಿಯೇ ದೊರೆತಿದೆ. ಅದನ್ನು ನಾವು ಕೈಯಾರೆ ಬದಿಗೆ ಸರಿಸುತ್ತೇವೆ.

ವರ್ಷದ ನಡುವೆಯೇ ಮಗನನ್ನು ಪೇಟೆಯಿಂದ ಬಿಡಿಸಿ ಅಂಗನವಾಡಿಗೆ ಹಾಕಿದೆ. ನೆರೆಯವರು ಹಣದ ತೊಂದರೆಯೆಂದು ತಿಳಿದರು, ತಿಳಿಯಲಿ. ಈ ಸಲ ಸುಮ್ಮನಿರಲಿಲ್ಲ. ನಾನೂ ಇನ್ನು ಮೂವರು ತಂದೆತಾಯಿಗಳೂ ಕೂಡಿ ಸೇವಿಕೆಯನ್ನು ಕಂಡೆವು. ದೂರು ಹೇಳಲು ಬಂದೆವೆಂದು ಆಕೆ ಮೊದಲು ಗಾಬರಿಗೊಂಡರು. ಮಕ್ಕಳಿಗೆ ಮೊದಲ ದಿನಗಳಲ್ಲಿ ಬೇಕಾಗುವ ಇಪ್ಪತ್ತು ಮಾತುಗಳನ್ನು, ನೀರು, ಹಸಿವೆ, ಕೂಡು, ಬಾ, ನೋವು, ಅವ್ವ ಎಂಬಂತಹವುಗಳನ್ನು, ಕನ್ನಡದಲ್ಲಿ ಹೇಳಿ ಅವರ ಲಿಪಿಯಲ್ಲಿ ಬರೆಯಿಸಿಕೊಟ್ಟೆವು. ಅದನ್ನು ಅವರು ಲಸಿಕೆಯ ತಖ್ತೆಯ ಪಕ್ಕದಲ್ಲಿ ಗೋಡೆಗೆ ಅಂಟಿಸಿಕೊಂಡಿದ್ದಾರೆ. ವಾರಕ್ಕೊಮ್ಮೆ, ಶುಕ್ರವಾರ, ನನ್ನ ತಾಯಿ ಹೋಗಿ ಕಥೆ ಹೇಳುತ್ತಾಳೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಕೆರೆಯ ಮಣ್ಣು ತರಿಸಿ ಎಲ್ಲ ಮಕ್ಕಳಿಂದಲೂ ಎತ್ತು ಮಾಡಿಸಿದಳು. ಒಂದು ಎತ್ತಿಗೆ ನಾಲ್ಕು ಕಾಲು, ಎರಡು ಕೋಡು, ಜೋಡಿಗೆ ಎಷ್ಟು? ನನ್ನ ಮಗ ಬೆರಳಿಟ್ಟು ಮುಟ್ಟಿ ಮುಟ್ಟಿ ಎಂಟು ಕಾಲು ಎಣಿಸಿದ. ಅವನ ಕೈಗೆ ಸಂಖ್ಯೆ ಬಂದದ್ದು ಆ ದಿನ. ಸೇವಿಕೆಯೂ ಒಂದು ಎತ್ತು ಮಾಡಿದರು. ಅವರ ತವರಿನಲ್ಲಿ ಇದೇ ಎತ್ತಿನ ಪೂಜೆ ಶ್ರಾವಣದಲ್ಲಿ ಪೋಳಾ ಎಂದು ನಡೆಯುತ್ತದಂತೆ.

ನಮ್ಮ ಶಾಲೆಯ ಒಂದನೆಯ ಇಯತ್ತೆಯ ಗುರುಗಳು ಹೇಳುವಂತೆ, ಹೊಸದಾಗಿ ಬರುವ ಮಕ್ಕಳಲ್ಲಿ ಮನೆಯಲ್ಲಿ ಕಥೆ ಕೇಳಿದವರು ಯಾರು, ಕೇಳದವರು ಯಾರು ಎಂಬುದು ಮೊದಲ ವಾರದಲ್ಲಿಯೇ ತಿಳಿದುಬಿಡುತ್ತದೆ. ಅಕ್ಷರ ಬರುತ್ತದೆಯೋ ಇಲ್ಲವೋ ಎಂಬುದನ್ನು ಅವರು ಕೇಳುವುದೇ ಇಲ್ಲ. ಕಥೆ ಹೇಳುವಾಗ ಮಗು 'ಮುಂದ?' ಎನ್ನುತ್ತದೆಯೋ ಇಲ್ಲವೋ ಎಂಬುದನ್ನು ನೋಡುತ್ತಾರಂತೆ.

ಕಳೆದ ತಿಂಗಳು ಮಗನನ್ನು ಕರೆತರಲು ಹೋಗಿದ್ದೆ. ಕೈ ತೊಳೆಸುವ ಹೊತ್ತು. ಮರಾಠಿಯಲ್ಲಿ 'ಕೊ' ಮತ್ತು 'ಕೋ'ಗಳಿಗೆ ನಮ್ಮಲ್ಲಿರುವಂತಹ ಭೇದವಿಲ್ಲ. ಸೇವಿಕೆಯು ತಂಬಿಗೆ ಹಿಡಿದು, ಗೋಡೆಯ ಪಟ್ಟಿಯನ್ನೊಮ್ಮೆ ನೋಡಿ, "ಕೈ ಕೋಡು" ಎಂದರು. ಹನ್ನೊಂದು ಮಕ್ಕಳೂ ಎರಡು ಕೈಗಳನ್ನು ತಲೆಯ ಮೇಲೆ ಕೋಡಿನಂತೆ ಎತ್ತಿ ಹಿಡಿದು ನಿಂತವು. ಆಕೆ ಬೆರಗಾಗಿ ನನ್ನ ಮುಖ ನೋಡಿದರು. ನಾನು ಹೇಳುವ ಮೊದಲೇ ನನ್ನ ಮಗ ಒಂದು ಕೋಡನ್ನು ಕೆಳಗಿಳಿಸಿ, "ಕೋಡಲ್ಲ ತಾಈ, ಕೊಡು" ಎಂದು ತಿದ್ದಿದ. "ಕೊಡು" ಎಂದು ಆಕೆ ನಿಧಾನವಾಗಿ ಹೇಳಿ, ನಗುತ್ತ, ಅವನ ಕೈಗೆ ನೀರು ಹಾಕಿದರು.